ಬೆಂಗಳೂರು ಗೆದ್ದ ವರ್ಷ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸರ ದಂಡಯಾತ್ರೆಗಳನ್ನು ತಿಥಿವಾರ ಸಮೇತ ಕೊಟ್ಟಿದ್ದಾರೆ. ಕೆರೆ ಕಟ್ಟಿಸಿದವರ, ಗುಡಿಗೆ ದತ್ತಿ ಬಿಟ್ಟವರ ಹೆಸರುಗಳನ್ನು ಕಲ್ಲುಗಳಿಂದ ಹೆಕ್ಕಿ ತೆಗೆದಿದ್ದಾರೆ. ಆದರೆ ಜನ ಸಂಜೆಯ ಹೊತ್ತು ಏನು ಆಡಿದರು, ಯಾರ ಆಟ ನೋಡಲು ಬೇಲಿಯ ಸುತ್ತ ನೆರೆದರು ಎಂಬ ಸಂಗತಿ ಮಾತ್ರ ಚರಿತ್ರೆಯ ಹೊಸ್ತಿಲಾಚೆಯೇ ಉಳಿದಿದೆ. ಕ್ರಿಕೆಟ್ಟಿಗಾದರೋ ಬರೆಯುವವರ ಬಳಗವೇ ಇದೆ. ಕಾಲ್ಚೆಂಡಿಗೆ ಕನ್ನಡದಲ್ಲಿ ಆ ಭಾಗ್ಯ ಬಂದದ್ದು ಕಡಿಮೆ. ಆದಕಾರಣ 2013-14ರ ಒಂದು ಪಂದ್ಯಾವಳಿಯ ಕಥೆಯನ್ನು ಇಲ್ಲಿ ಬರೆದಿಡಬೇಕೆನಿಸಿತು. ಹತ್ತು ವರ್ಷ ಕಳೆದರೆ ಚರಿತ್ರೆಯೇ ಸರಿ. ನಮ್ಮ ನೆನಪು ಅದಕ್ಕಿಂತ ಬೇಗ ಮಾಸುತ್ತದೆ.

ಚೆಂಡು ಎಂದೊಡನೆ ಗುಂಡ್ಲುಪೇಟೆಯವರಿಗೆ ಮೊದಲು ಕಣ್ಣಿಗೆ ಕಟ್ಟುವುದು ಹೂವು. ಮಳೆಗಾಲದಲ್ಲಿ ಹೆದ್ದಾರಿಯ ಎರಡೂ ಬದಿಗೆ ಚೆಂಡುಹೂವಿನ ಹೊಲಗಳು ಹಳದಿ ಹಾಸಿದಂತೆ ಹರಡಿರುತ್ತವೆ. ಓಣಂ ಹಬ್ಬದ ಮುನ್ನ ಕೇರಳದವರು ಗುಂಪುಗುಂಪಾಗಿ ಇಳಿದು ಅವುಗಳ ನಡುವೆ ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನು ಚಾಮರಾಜನಗರದಲ್ಲಿ ಮನೆ ಮಾಡಿಕೊಂಡು, ತೆರಕಣಾಂಬಿಯ ಮೇಲೆ ದಿನವೂ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿ ಬಂದು ಪಾಠ ಹೇಳುವವನು. ಈ ಎರಡು ಊರುಗಳಿಗೆ ನಡುವೆ ಹೆಚ್ಚು ದೂರವಿಲ್ಲದಿದ್ದರೂ ಮುಖ ಬೇರೆ ಬೇರೆ ದಿಕ್ಕಿಗೆ. ಚಾಮರಾಜನಗರ ರೈಲು ನಿಲ್ದಾಣದ ಊರು, ಮೈಸೂರು ಬೆಂಗಳೂರುಗಳ ಕಡೆ ನೋಡುತ್ತದೆ. ಗುಂಡ್ಲುಪೇಟೆಯಲ್ಲಿ ರಸ್ತೆ ಕವಲೊಡೆದು ಒಂದು ಉದಕಮಂಡಲಕ್ಕೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ವಯನಾಡಿನ ಕಡೆಯಿಂದ ಬಾಳೆಯ ವ್ಯಾಪಾರಿಗಳೊಡನೆ ಕಾಲ್ಚೆಂಡಿನ ಮಾತೂ ಬರುತ್ತದೆ. ಹೀಗಾಗಿ ನನ್ನ ತರಗತಿಯಲ್ಲಿ ಆ ವರ್ಷ ಆಟದ ಹುಚ್ಚಿನವರು ನಾಲ್ಕಾರು ಮಂದಿ ಇದ್ದರು.

ಆ ಸಾಲಿನ ರಾಷ್ಟ್ರೀಯ ಲೀಗಿನಲ್ಲಿ, ಅಂದರೆ ಐ-ಲೀಗಿನಲ್ಲಿ, ಇದ್ದದ್ದು 13 ತಂಡಗಳು. ಎಣಿಸಿ ನೋಡಿ: ಕಲ್ಕತ್ತೆಯವು ನಾಲ್ಕು, ಗೋವೆಯವು ನಾಲ್ಕು, ಶಿಲ್ಲಾಂಗಿನವು ಎರಡು, ಮುಂಬಯಿಯದೊಂದು, ಪುಣೆಯದೊಂದು. ಉಳಿದ ಒಂದು ಬೆಂಗಳೂರಿನದು. ಗೋವೆಯಿಂದ ಕೆಳಗೆ ಕನ್ಯಾಕುಮಾರಿಯವರೆಗೆ, ಕೇರಳದಂತಹ ಕಾಲ್ಚೆಂಡಿನ ತವರೂ ಸೇರಿದಂತೆ, ಮತ್ತೊಂದು ತಂಡವಿರಲಿಲ್ಲ. ಅದೂ ಕೆಳಗಿನ ಮೆಟ್ಟಲಿನಿಂದ ಗೆದ್ದು ಏರಿ ಬಂದ ತಂಡವಲ್ಲ. 2013ರ ಜುಲೈ 20ರಂದು ಜೆ.ಎಸ್.ಡಬ್ಲ್ಯು. ಎಂಬ ಉಕ್ಕಿನ ಬಳಗ ಅದನ್ನು ಹುಟ್ಟಿಸಿತು. ಹಣ ತೆತ್ತು ನೇರವಾಗಿ ಮೇಲಿನ ದರ್ಜೆಯೊಳಗೆ ಸೇರಿತು. ಬಳ್ಳಾರಿಯ ತೋರಣಗಲ್ಲಿನಲ್ಲಿ ಕಾರ್ಖಾನೆಯಿದ್ದುದು ನಮಗೂ ಅದಕ್ಕೂ ಇದ್ದ ನಂಟು. ತಂಡಕ್ಕೆ ಅವರು ಇಟ್ಟ ಹೆಸರನ್ನು ಮಾತ್ರ ಕನ್ನಡದ ಮೇಷ್ಟರಾಗಿ ನಾನು ಮರೆಯಲಾರೆ. ಊರಿನ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ 'ಬೆಂಗಳೂರು' ಎಂದಾದದ್ದು 2014ರ ನವೆಂಬರ್ 1ರಂದು. ಈ ತಂಡ ಅದಕ್ಕೆ ಒಂದು ವರ್ಷಕ್ಕೂ ಮೊದಲೇ ಎದೆಯ ಮೇಲೆ 'ಬೆಂಗಳೂರು' ಎಂದು ಬರೆದುಕೊಂಡಿತ್ತು. ಸರ್ಕಾರದ ಕಡತಕ್ಕಿಂತ ಚೆಂಡು ಮುಂದೆ ಓಡಿತು!

ಸೆಪ್ಟೆಂಬರ್ 22ರಂದು ಮೊದಲ ಪಂದ್ಯ. ಎದುರಾಳಿ ಮೋಹನ್ ಬಾಗಾನ್, 1889ರಲ್ಲಿ ಹುಟ್ಟಿದ ಹಿರಿಯ ಮನೆತನ. ಎರಡು ತಿಂಗಳ ಕೂಸು ಅದರೊಡನೆ 1-1ರ ಸಮ ಮಾಡಿಕೊಂಡಿತು. ತಂಡದ ಮೊದಲ ಗೋಲು ಆಸ್ಟ್ರೇಲಿಯದ ಷಾನ್ ರೂನಿಯದು. ನಡೆದದ್ದು ಅಶೋಕನಗರದ ಹಳೆಯ ಫುಟ್ಬಾಲ್ ಮೈದಾನದಲ್ಲಿ. ಅದರ ಪಶ್ಚಿಮದ ಮೆಟ್ಟಲುಗಳ ಮೇಲೆ ಕೂತು ಇಡೀ ಪಂದ್ಯ ಕೂಗುತ್ತಿದ್ದ ಹುಡುಗರು ತಮ್ಮನ್ನು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಕರೆದುಕೊಂಡರು. ಊರೂರ ಹುಡುಗರು, ಹಲವು ಭಾಷೆಯವರು. ಕೂಗುವ ಹೆಸರು ಮಾತ್ರ ಒಂದೇ.

ತರಗತಿಯ ಹಿಂದಿನ ಬೆಂಚಿನ ಒಬ್ಬ ಹುಡುಗ ಆಗ ಕೇಳಿದ: "ಆ ಟೀಮಲ್ಲಿ ನಮ್ಮೋರು ಎಷ್ಟ್ ಜನ ಅವ್ರ ಸಾ?"

ಸಣ್ಣ ಪ್ರಶ್ನೆಯಲ್ಲ. ನಾಯಕ ಸುನಿಲ್ ಛೆಟ್ರಿ ಸಿಕಂದರಾಬಾದಿನಲ್ಲಿ ಹುಟ್ಟಿದ ನೇಪಾಳಿ ಮನೆಯ ಮಗ. ರಿನೊ ಆಂಟೊ ತ್ರಿಶೂರಿನವನು, ಥೊಯ್ ಸಿಂಗ್ ಮಣಿಪುರದವನು. ರಕ್ಷಣೆಗೆ ನಿಂತವರಲ್ಲಿ ಜಾನ್ ಜಾನ್ಸನ್ ಇಂಗ್ಲೆಂಡಿನವ, ಕರ್ಟಿಸ್ ಒಸಾನೊ ಕೀನ್ಯದವ. ನಡುವೆ ಆಡುತ್ತಿದ್ದ ಜಾನಿ ಮೆನ್ಯೊಂಗರ್ ಲೈಬೀರಿಯದವ. ತರಬೇತಿ ಕೊಟ್ಟ ಆಷ್ಲಿ ವೆಸ್ಟ್‌ವುಡ್ ಕೂಡ ಇಂಗ್ಲೆಂಡಿನವರೇ. ಬೆಂಗಳೂರಿನ ಹುಡುಗ ಶಂಕರ್ ಸಂಪಂಗಿರಾಜ್ ಪಟ್ಟಿಯಲ್ಲಿದ್ದ. ಬೆರಳು ಮಡಿಚಿ ಎಣಿಸಿದರೆ ಹುಡುಗನ ಅನುಮಾನವೇ ನಿಜವೆನ್ನಬೇಕು.

ಆದರೆ ಬೆರಳು ಮಡಿಚುವ ಈ ಲೆಕ್ಕವನ್ನು ಹಿಂದಕ್ಕೆ ಒಯ್ದು ನೋಡಿದರೆ ಕಥೆ ಬೇರೆಯಾಗುತ್ತದೆ. ಬೆಂಗಳೂರಿನ ಕಾಲ್ಚೆಂಡು ಬೆಳೆದದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. ಬಿಳಿಯ ಸಿಪಾಯಿಗಳ ಆಟವನ್ನು ಕಂಡು ಕಲಿತ ಅಲಸೂರು, ಆಸ್ಟಿನ್ ಟೌನುಗಳ ಕಡೆಯ ಹುಡುಗರ ಮನೆಮಾತು ತಮಿಳು, ಉರ್ದು, ತೆಲುಗು, ಇಂಗ್ಲಿಷ್. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಸೈನಿಕರ ತಂಡಗಳ ಸ್ವತ್ತಿನಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕರ ತಂಡ ಅದು. ಮರುವರ್ಷವೂ ಗೆದ್ದಿತು. 1946-47ರಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. ಆಗಿನ್ನೂ ದಂಡು ಬ್ರಿಟಿಷರ ಕೈಯಲ್ಲಿತ್ತು, ಮಹಾರಾಜರ ಆಡಳಿತಕ್ಕೆ ಮರಳಿದ್ದು 1947ರ ಜುಲೈಯಲ್ಲಿ. ಮೈಸೂರಿಗೆ ಸೇರದ ನೆಲದ ಮೇಲೆ ಬೆಳೆದ ಆಟ ಮೈಸೂರಿನ ಹೆಸರಿಗೆ ಕೀರ್ತಿ ತಂದಿತೆಂದರೆ, 'ನಮ್ಮವರು' ಯಾರು?

1948ರ ಲಂಡನ್ ಒಲಿಂಪಿಕ್ಸನ್ನು ತೆಗೆದುಕೊಳ್ಳಿ. ಜುಲೈ 31ರಂದು ಫ್ರಾನ್ಸಿನ ಮೇಲೆ ಭಾರತ 1-2ರಲ್ಲಿ ಸೋತಿತು. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನವರು. ಸ್ವತಂತ್ರ ಭಾರತದ ಮೊಟ್ಟಮೊದಲ ಗೋಲು ಅಂದು ಬಂದದ್ದು ಸಾರಂಗಪಾಣಿ ರಾಮನ್ ಅವರ ಕಾಲಿನಿಂದ. ಅವರು ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಧನರಾಜ್ ಮತ್ತು ಅಹಮದ್ ಖಾನ್ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಪರವಾಗಿ ಆಡಿದರು. ಆ ತಂಡದ ಮುಂಚೂಣಿಯ ಐವರನ್ನು ಬಂಗಾಳಿಗಳು 'ಪಂಚಪಾಂಡವರು' ಎಂದೇ ಕರೆದರು. ಪಂಪನ ಭಾರತವನ್ನೂ ಗದುಗಿನ ಭಾರತವನ್ನೂ ವರ್ಷವರ್ಷ ಪಾಠ ಹೇಳುವ ನಮ್ಮಂಥವರಿಗೆ, ನಮ್ಮದೇ ದಂಡಿನ ಬೀದಿಗಳಿಂದ ಹೊರಟ ಈ ಪಾಂಡವರ ಹೆಸರು ತಿಳಿಯಬೇಕಾದರೆ ಬಂಗಾಳದವರ ಬರಹವನ್ನೇ ಹುಡುಕಬೇಕು. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು. ಕೆಂಪಯ್ಯ! ನಮ್ಮ ಸಂತೆಯಲ್ಲಿ ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಆದರೂ ಒಲಿಂಪಿಕ್ಸಿನ ಕೆಂಪಯ್ಯನವರನ್ನು ಬಲ್ಲವರು ನನ್ನ ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

ಮೈಸೂರು 1952-53ರಲ್ಲಿ ಮತ್ತೊಮ್ಮೆ, 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲಿನದು ಕಾರ್ಖಾನೆಗಳ ಕಾಲ. ಐ.ಟಿ.ಐ., ಎಚ್.ಎ.ಎಲ್. ಮೊದಲಾದವು ಹುಡುಗರಿಗೆ ನೌಕರಿ ಕೊಟ್ಟು ಆಡಿಸಿದವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ, ತಿಂಗಳಿಗೆ ಸಂಬಳ. ಎಚ್.ಎ.ಎಲ್. ತಂಡ 2010-11ರಲ್ಲಿ ಐ-ಲೀಗಿಗೆ ಏರಿ, 2011-12ರ ಕೊನೆಗೆ ಕೆಳಗಿಳಿಯಿತು. ಊರಿನ ಹುಡುಗರಿಗೆ ಹೆಚ್ಚು ಎಡೆಯಿದ್ದದ್ದು ಆ ತಂಡದಲ್ಲಿ. ಆದರೆ ಅದು ಇಳಿದಾಗ ಅಯ್ಯೋ ಎಂದವರು ಎಷ್ಟು ಮಂದಿ? ಈ ಮಾತನ್ನು ನಾನು ಹುಡುಗನಿಗೆ ಹೇಳಿದೆ. "ನಮ್ಮೋರು ಆಡ್ದಾಗ ನಾವೆಲ್ಲಿದ್ದೊ" ಎಂದು ಅವನೇ ಅಂದುಕೊಂಡ.

ಇನ್ನು ಆ ವರ್ಷದ ಆಟಕ್ಕೆ ಬರೋಣ. 'ಹಣ ಕೊಟ್ಟು ಕೊಂಡ ಗೆಲುವು' ಎಂದವರಿದ್ದರು. ಅರ್ಧ ಸತ್ಯ. ಹಣವಿತ್ತು, ನಿಜ. ಆದರೆ ಕಲ್ಕತ್ತೆಯ ದೊಡ್ಡ ತಂಡಗಳು ಬರಿಗೈಯವೇನಲ್ಲ. ಇಲ್ಲಿ ಹೊಸತಾಗಿದ್ದದ್ದು ಶಿಸ್ತು: ಆಟಗಾರನ ಊಟ, ನಿದ್ದೆ, ದೇಹದಾರ್ಢ್ಯ ಎಲ್ಲಕ್ಕೂ ಲೆಕ್ಕವಿಡುವ ಕ್ರಮವನ್ನು ವೆಸ್ಟ್‌ವುಡ್ ತಂದರು. ಶಿಲ್ಲಾಂಗಿನ ಚಳಿ, ಕಲ್ಕತ್ತೆಯ ಸೆಕೆ, ಗೋವೆಯ ಬೆವರು ಇವನ್ನೆಲ್ಲ ತಿರುಗಿ ಏಳು ತಿಂಗಳು ಆಡುವ ಲೀಗಿನಲ್ಲಿ ಪಂದ್ಯದ ಕೊನೆಯ ಕಾಲು ಗಂಟೆ ಓಡಬಲ್ಲ ಕಾಲಿಗೇ ಬೆಲೆ. ಲೀಗಿನ ಗುಣವೇ ಅದು. ಒಂದು ಸಂಜೆಯ ಅದೃಷ್ಟ ಅಲ್ಲಿ ನಡೆಯುವುದಿಲ್ಲ. ಅದೇ ಸಾಲಿನಲ್ಲಿ ಚರ್ಚಿಲ್ ಬ್ರದರ್ಸ್ ತಂಡದ ಗತಿ ನೋಡಿ: ಹಿಂದಿನ ವರ್ಷದ ಲೀಗಿನ ವಿಜೇತರು, ಜನವರಿಯಲ್ಲಿ ಫೆಡರೇಶನ್ ಕಪ್ಪನ್ನೂ ಗೆದ್ದರು, ಲೀಗು ಮುಗಿಯುವ ಹೊತ್ತಿಗೆ ಕೆಳಗಿನ ದರ್ಜೆಗೆ ಜಾರುವ ಜಾಗದಲ್ಲಿದ್ದರು.

ಆ ಫೆಡರೇಶನ್ ಕಪ್ಪು ಕೇರಳದ ಕೊಚ್ಚಿ, ಮಂಜೇರಿಗಳಲ್ಲಿ ನಡೆಯಿತು. ನಮ್ಮ ಹುಡುಗರಿಬ್ಬರು ಮಂಜೇರಿಗೆ ಹೋಗಿ ಒಂದು ಪಂದ್ಯ ನೋಡಿ ಬಂದರು. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ತಡೆಯಿದೆಯಷ್ಟೆ. ಹುಡುಗರು ಸುಲ್ತಾನ್ ಬತ್ತೇರಿಯ ನಿಲ್ದಾಣದಲ್ಲಿ ಕೂತೇ ಬೆಳಗು ಮಾಡಿ, ಮೊದಲ ಬಸ್ಸಿಗೆ ಬಂದು, ಸೀದಾ ನನ್ನ ಹಳಗನ್ನಡದ ತರಗತಿಯಲ್ಲಿ ತೂಕಡಿಸಿದರು. ನಾನು ಏಳಿಸಲಿಲ್ಲ. ಬೆಂಗಳೂರು ಆ ಕಪ್ಪಿನಲ್ಲಿ ಮುಂದಿನ ಹಂತ ಮುಟ್ಟಲಿಲ್ಲ. ಹುಡುಗರಿಗೆ ಅದರ ಕೊರಗು ವಾರವೆಲ್ಲ ಇತ್ತು. 'ನಮ್ಮೋರು ಎಷ್ಟು ಜನ' ಎಂದು ಕೇಳಿದವನು ಅವರಲ್ಲೊಬ್ಬ.

ಫೆಬ್ರುವರಿಯಲ್ಲಿ ಕರ್ನಾಟಕ ಹೈದರಾಬಾದಿನಲ್ಲಿ ರಣಜಿ ಟ್ರೋಫಿ ಗೆದ್ದು ಪತ್ರಿಕೆಗಳ ಪುಟ ತುಂಬಿತು. ಕಾಲ್ಚೆಂಡು ಮೂಲೆಯ ಸುದ್ದಿಯಾಯಿತು. ಮುಂದೆ ಚುನಾವಣೆ. ಏಪ್ರಿಲ್ 17ರಂದು ರಾಜ್ಯದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಬೆರಳಿನ ಮಸಿ ಇನ್ನೂ ಹಸಿಯಾಗಿದ್ದಾಗ, 21ರಂದು, ಬೆಂಗಳೂರು ತಂಡ ಮಡಗಾಂವಿನ ಫತೋರ್ಡಾ ಮೈದಾನದಲ್ಲಿ ಡೆಂಪೊವನ್ನು 4-2ರಲ್ಲಿ ಸೋಲಿಸಿ, ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಲೀಗನ್ನು ತನ್ನದಾಗಿಸಿಕೊಂಡಿತು. ಐದು ಬಾರಿ ರಾಷ್ಟ್ರೀಯ ಲೀಗನ್ನು ಗೆದ್ದ ಡೆಂಪೊವನ್ನು ಅದರ ಹಟ್ಟಿಯಲ್ಲೇ! 24 ಪಂದ್ಯಗಳಲ್ಲಿ 14 ಗೆಲುವು, 5 ಸಮ, 5 ಸೋಲು, 47 ಅಂಕ. ಎರಡನೆಯದಾದ ಈಸ್ಟ್ ಬೆಂಗಾಲಿಗೆ 43. ಛೆಟ್ರಿಯ ಗೋಲುಗಳು 14, ಲೀಗಿನಲ್ಲಿ ಅದಕ್ಕಿಂತ ಹೆಚ್ಚು ಯಾರದೂ ಇಲ್ಲ. 1996ರಲ್ಲಿ ರಾಷ್ಟ್ರೀಯ ಲೀಗು ಹುಟ್ಟಿದಂದಿನಿಂದ ದಕ್ಷಿಣದ ನಾಲ್ಕು ರಾಜ್ಯಗಳಿಗೆ ಅದು ಬಂದದ್ದು ಅದೇ ಮೊದಲು.

ಮರುದಿನ ಗುಂಡ್ಲುಪೇಟೆಯ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಸುದ್ದಿ ಓದಿ ಹೇಳಿದವನು ಬತ್ತೇರಿಯ ಕಡೆಯ ಬಾಳೆಕಾಯಿ ವ್ಯಾಪಾರಿ, ತನ್ನ ಮಲಯಾಳಿ ಪತ್ರಿಕೆಯಿಂದ. ಅವನಿಗೆ ತ್ರಿಶೂರಿನ ರಿನೊ ಆಂಟೊನೇ ಗೆದ್ದಂತೆ. ನಮ್ಮ ಹುಡುಗರಿಗೆ ಬೆಂಗಳೂರು ಗೆದ್ದಂತೆ. ಜಗಳಕ್ಕೆ ಎಡೆಯಿರಲಿಲ್ಲ, ಇಬ್ಬರೂ ಒಂದೇ ತಂಡದ ಮಾತಾಡುತ್ತಿದ್ದರು. ಗಡಿಯ ಜಿಲ್ಲೆಯವರಾದ ನಮಗೆ ಇದು ಹೊಸದೇನಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜಕುಮಾರರ ಗಾಜನೂರು ಇಂದಿಗೂ ತಮಿಳುನಾಡಿನ ಎಲ್ಲೆಯೊಳಗಿದೆ. ಅವರು ನಮ್ಮವರೋ ಅಲ್ಲವೋ ಎಂದು ಯಾರಾದರೂ ಕೇಳಿಯಾರೆ?

ಮುಂದಿನ ವರ್ಷ 2015ರ ಮೇ 31ರಂದು, ಕಡೆಯ ಪಂದ್ಯದ ಕಡೆಯ ನಿಮಿಷಗಳಲ್ಲಿ ಮೋಹನ್ ಬಾಗಾನ್ 1-1 ಸಮ ಮಾಡಿ ಕಂಠೀರವದಲ್ಲೇ ಲೀಗನ್ನು ಕಸಿದುಕೊಂಡಿತು. 2015-16ರಲ್ಲಿ ಅದು ಮತ್ತೆ ಬೆಂಗಳೂರಿಗೆ ಬಂದಿತು. 2017ರಲ್ಲಿ ತಂಡ ಐ-ಲೀಗನ್ನು ಬಿಟ್ಟು ಇಂಡಿಯನ್ ಸೂಪರ್ ಲೀಗಿಗೆ ಹೋಯಿತು. 2022-23ರಿಂದ ಐ-ಲೀಗೇ ಎರಡನೆಯ ದರ್ಜೆಗೆ ಇಳಿಯಿತು. ಅದೇ ಸಾಲಿನಲ್ಲಿ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾಧಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. ಮೈಸೂರು ಕಡೆಯ ಬಾರಿ ಗೆದ್ದು ಆಗಲೇ 54 ವರ್ಷಗಳಾಗಿದ್ದವು.

ಅಶೋಕನಗರದ ಮೈದಾನದಲ್ಲಿ ತಂಡ ಲೀಗು ಆಡಿದ್ದು ಆ ಒಂದೇ ಋತು. ಆಮೇಲೆ ಕಂಠೀರವಕ್ಕೆ ಹೋಯಿತು. ಪಶ್ಚಿಮದ ಮೆಟ್ಟಲಿನ ಹುಡುಗರು ಮೈದಾನವನ್ನು ಬಿಟ್ಟರು, ಹೆಸರನ್ನು ಬಿಡಲಿಲ್ಲ. ಕಂಠೀರವದಲ್ಲೂ ಅವರು ವೆಸ್ಟ್ ಬ್ಲಾಕಿನವರೇ.