ಕೌಟುಂಬಿಕ ಹಿಂಸೆಯ (ಡಿ.ವಿ.) ಕೇಸಿನ ‘ಎದುರುದಾರ’ ಯಾರು?

ಹೆಂಡತಿಗೆ ಹೊಡೆಯುವವನಿಗೆ ಊರಲ್ಲಿ ನೂರು ಬೈಗುಳಗಳಿವೆ. ಪತ್ರಿಕೆಗಳು ‘ಆರೋಪಿ’ ಎಂದು ಬರೆದು ಮುಗಿಸುತ್ತವೆ. ಆದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಅವನು ಎದುರುದಾರ, ವಕೀಲರ ಮಾತಿನಲ್ಲಿ ರೆಸ್ಪಾಂಡೆಂಟ್.

ಆರೋಪಿ ಯಾಕಲ್ಲ?

1983ರಲ್ಲಿ ಬಂದ ಐಪಿಸಿ 498ಎ (ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ) ಅಡಿಯಲ್ಲಿ ಗಂಡ ಆರೋಪಿಯೇ. ಅಲ್ಲಿರುವುದು ಬಂಧನ, ವಿಚಾರಣೆ, ಶಿಕ್ಷೆಯ ದಾರಿ. ಗಂಡ ಜೈಲಿಗೆ ಹೋದರೆ ಮನೆ ನಡೆಯುವುದು ಹೇಗೆ ಎಂದು ದೂರು ಕೊಡದೆ ಸುಮ್ಮನಾಗುವವರೂ ಇದ್ದಾರೆ. 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆ ಕಾಯ್ದೆಯಾದರೆ ಹೊಡೆತ ನಿಲ್ಲಿಸುವುದು, ಇರಲು ಸೂರು, ಖರ್ಚಿಗೆ ಹಣ, ಮಕ್ಕಳ ಸುಪರ್ದಿ ಇವುಗಳ ಬಗ್ಗೆ ಮಾತಾಡುತ್ತದೆ. ಮನೆಖರ್ಚಿಗೆ ಕೊಡದಿರುವುದು, ಸ್ತ್ರೀಧನ ಮಾರುವುದು, ಹೀಯಾಳಿಸುವುದು ಕೂಡ ಇಲ್ಲಿ ಹಿಂಸೆಯೇ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಮೀರಿದಾಗ ಮಾತ್ರ ಎದುರುದಾರ ಆರೋಪಿಯ ಕಟಕಟೆಗೆ ಬರುತ್ತಾನೆ: ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

‘ವಯಸ್ಕ ಪುರುಷ’

ಮೂಲ ಕಾಯ್ದೆಯ 2(ಕ್ಯೂ) ಕಲಮಿನ ಪ್ರಕಾರ ಎದುರುದಾರ ವಯಸ್ಕ ಪುರುಷನಾಗಿರಬೇಕಿತ್ತು. ಹೆಂಡತಿಯೋ ಸಂಗಾತಿಯೋ ದೂರಿತ್ತರೆ ಗಂಡಿನ ಸಂಬಂಧಿಕರನ್ನೂ ಸೇರಿಸಬಹುದೆಂಬ ಉಪವಾಕ್ಯ ಜೊತೆಗಿತ್ತು. ಆ ಸಂಬಂಧಿಕರಲ್ಲಿ ಅತ್ತೆ-ನಾದಿನಿಯರೂ ಬರುತ್ತಾರೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಆದರೆ ಸೊಸೆ ಕಾಡಿದರೆ ಅತ್ತೆಗೆ, ಸ್ವಂತ ಮಗಳೇ ಕಾಡಿದರೆ ತಾಯಿಗೆ ದಾರಿ ಇರಲಿಲ್ಲ. ಬಾಂಬೆ ಹೈಕೋರ್ಟಿನಿಂದ ಬಂದ ಪ್ರಕರಣವೊಂದರಲ್ಲಿ ತಾಯಿ-ಮಗಳು ಸೇರಿ ಮಗ, ಸೊಸೆ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳ ಮೇಲೆ ದೂರಿದ್ದರು. 2016ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕುರಿಯನ್ ಜೋಸೆಫ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ‘ವಯಸ್ಕ ಪುರುಷ’ ಎಂಬ ಎರಡು ಪದಗಳನ್ನೇ ಕಿತ್ತುಹಾಕಿತು. ಹೆಂಗಸರನ್ನು ಮುಂದೆ ಬಿಟ್ಟು ಗಂಡಸರು ಹಿಂದೆ ನಿಂತರೆ ಕಾಯ್ದೆಯ ಉದ್ದೇಶವೇ ಸೋಲುತ್ತದೆ, ಹದಿನಾರು-ಹದಿನೇಳರ ಹುಡುಗನೂ ಹಿಂಸೆ ಮಾಡಬಲ್ಲ ಎಂಬುದು ಅದರ ವಾದ. ತಡವಾಗಿ ಬಂದರೂ ಸರಿಯಾದ ತೀರ್ಪು ಎನ್ನಬೇಕು.

ಬಳಕೆಯ ಮಿತಿ

ಎದುರುದಾರ ಗಂಡನೇ ಆಗಬೇಕಿಲ್ಲ. ಅಪ್ಪ, ಅಣ್ಣ, ಮಗ, ಮದುವೆಯಂತೆ ಜೊತೆಗಿದ್ದವನು ಯಾರಾದರೂ ಆಗಬಹುದು. ಒಂದೇ ಸೂರಿನಡಿ ಬಾಳಿದ ಕೌಟುಂಬಿಕ ಸಂಬಂಧ ಇರಬೇಕು, ಅಷ್ಟೆ. ಪಕ್ಕದ ಮನೆಯವನು ಇದರಡಿ ಬರುವುದಿಲ್ಲ. ದೂರು ತರುವವಳು ಮಾತ್ರ ಹೆಣ್ಣೇ ಆಗಿರಬೇಕು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ, ಸಂರಕ್ಷಣಾಧಿಕಾರಿಗಳು. ದೂರನ್ನು ಅವರ ಕಚೇರಿಗೂ ಒಯ್ಯಬಹುದು.

ಎದುರುದಾರ ಗಂಡಸಾದರೆ ಮನೆ ಬಿಟ್ಟು ಹೋಗೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಹೆಂಗಸಿನ ಮೇಲೆ ಅಂಥ ಆದೇಶ ಹೊರಡಿಸುವಂತಿಲ್ಲ. 19ನೇ ಕಲಮಿನ ಈ ವಿನಾಯಿತಿ 2016ರ ತೀರ್ಪಿನ ಬಳಿಕವೂ ಹಾಗೆಯೇ ಉಳಿದಿದೆ.