ಪೊಳ್ಳುಮರವೂ ಮಂಗಟ್ಟೆಯೂ: ಬೆಳಗಾವಿ–ಉತ್ತರ ಕನ್ನಡಗಳ ಅರಣ್ಯಕಡಿತದ ಚರಿತ್ರೆಯಲ್ಲಿ ಒಂದು ವಿಚಾರ

ಕೃಷ್ಣಾನದಿಯ ಸೀಮೆಯಲ್ಲಿರುವ ಉಗಾರ ಬುದ್ರುಕವು ಎರೆಭೂಮಿಯ ಬಯಲುನಾಡಿಗೆ ಸೇರಿದ ಗ್ರಾಮ. ಅಥಣಿ, ರಾಯಬಾಗ, ಕಾಗವಾಡಗಳನ್ನೊಳಗೊಂಡ ಈ ಪ್ರದೇಶದಲ್ಲಿ ಅರಣ್ಯವೆಂದು ಹೆಸರಿಸತಕ್ಕದ್ದು ಅತ್ಯಲ್ಪ. ಹೊಳೆಯ ಸಾಲಿನ ಜಾಲಿ, ಹೊಲದ ಬದುವಿನ ಬೇವು, ಊರಮುಂದಣ ಆಲ ಹುಣಿಸೆಗಳೇ ಇಲ್ಲಿಯ ಹಕ್ಕಿಗಳಿಗೆ ಆಸರೆ. ಆದರೆ ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಖಾನಾಪುರದಿಂದ ಲೋಂಡಾದವರೆಗೆ, ಸಹ್ಯಾದ್ರಿಯ ದಟ್ಟವಾದ ಕಾಡು ಹಬ್ಬಿದೆ. ಈ ಎರಡು ಅಂಚುಗಳನ್ನು ಕೂಡಿಸಿದ್ದು ರೈಲುಹಾದಿ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯವರು ಹಾಕಿದ ಈ ಮಾರ್ಗವು ಮಿರಜೆಯಿಂದ ಉಗಾರ ಖುರ್ದ, ಕುಡಚಿ, ಘಟಪ್ರಭಾಗಳ ಮೂಲಕ ಬೆಳಗಾವಿಗೆ ಬಂದು, ಖಾನಾಪುರದ ಕಾಡನ್ನು ಸೀಳಿಕೊಂಡು ಲೋಂಡಾವನ್ನು ಸೇರುತ್ತದೆ. ಹಳಿಗಳ ಕೆಳಗಿಡುವ ಅಡ್ಡದಿಮ್ಮಿಗೂ ಬಯಲುಸೀಮೆಯ ಮನೆಗಳ ತೊಲೆಕಂಬಗಳಿಗೂ ಮರವು ಬೇಕಾಯಿತು, ಮರವಿದ್ದದ್ದು ಪಶ್ಚಿಮದಲ್ಲಿ. ಆದುದರಿಂದ ಬಯಲಿನ ಬೇಡಿಕೆಯು ಮಲೆಯ ಹಕ್ಕಿಗಳಿಗೆ ಏನು ಮಾಡಿತೆಂಬ ಪ್ರಶ್ನೆಯು ಎರಡು ಸೀಮೆಗಳಿಗೂ ಸಂಬಂಧಪಟ್ಟುದು.

ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನು ಅರಣ್ಯ ಸಂರಕ್ಷಕನಾಗಿ ನೇಮಿತನಾದನು. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿಗೆ ಸೇರಿತು. 1864ರಲ್ಲಿ ಜರ್ಮನ್ ಪಂಡಿತ ಡೀಟ್ರಿಖ್ ಬ್ರಾಂಡಿಸ್ ಇಡೀ ದೇಶದ ಅರಣ್ಯಗಳ ಮೇಲಧಿಕಾರಿಯಾದ ಮೇಲೆ ಯೂರೋಪಿನ ವನಶಾಸ್ತ್ರದ ಕ್ರಮವು ಇಲ್ಲಿ ಬೇರೂರಿತು. 1865, 1878, 1927ರ ಕಾಯಿದೆಗಳು ಅದಕ್ಕೆ ಅಧಿಕಾರಬಲವನ್ನಿತ್ತವು. ಈ ಇತಿಹಾಸವು ಬಹುಮಟ್ಟಿಗೆ ವಿದಿತವಾದುದೇ ಆಗಿರುವುದರಿಂದ ವಿಸ್ತರಿಸಬೇಕಾಗಿಲ್ಲ. ಇಲ್ಲಿ ಗಮನಿಸತಕ್ಕದ್ದು ಆ ಶಾಸ್ತ್ರದ ಶಬ್ದಗಳನ್ನು. ಎಳೆಯ ಮರಗಳು ಒತ್ತಾಗಿ ಬೆಳೆದಲ್ಲಿ ಕೆಲವನ್ನು ತೆಗೆದು ಉಳಿದವಕ್ಕೆ ಬೆಳಕು, ನೆಲ ಒದಗಿಸುವುದು ವಿರಳೀಕರಣ. ಬಲಿತ ಕಾಡಿನಲ್ಲಿ ಮುಪ್ಪಾದ, ರೋಗ ತಗುಲಿದ, ಪೊಳ್ಳಾದ, ಬೆಲೆಯಿಲ್ಲದ ಮರಗಳನ್ನು ಕಡಿದು ಬೆಲೆಯುಳ್ಳ ಜಾತಿಗೆ ಎಡೆಮಾಡಿಕೊಡುವುದು ಸುಧಾರಣಾ ಕಡಿತ. ಯಾರ ಸುಧಾರಣೆ, ಯಾವುದರ ಬೆಲೆ ಎಂಬ ಪ್ರಶ್ನೆಗಳನ್ನು ಈ ಶಬ್ದವು ಎತ್ತಗೊಡುವುದಿಲ್ಲ. ಬೆಲೆಯುಳ್ಳ ಮರವೆಂದರೆ ತೇಗ, ಬೆಳಗಾವಿಯ ಮಾತಿನಲ್ಲಿ ಸಾಗವಾನಿ; ಅದರ ಜತೆಗೆ ಬೀಟೆ, ಮತ್ತಿ, ಹೊನ್ನೆ, ನಂದಿ. ಬಸರಿ, ಅತ್ತಿ, ಗೋಣಿ ಮೊದಲಾದುವು ದಿಮ್ಮಿಯ ಲೆಕ್ಕದಲ್ಲಿ ಕಸ.

ಈಗ ಮಂಗಟ್ಟೆಯ ವಿಷಯಕ್ಕೆ ಬರಬಹುದು. ಉತ್ತರ ಕನ್ನಡದ ದಾಂಡೇಲಿ ಪ್ರದೇಶದಲ್ಲಿ ಇದರ ನಾಲ್ಕು ಜಾತಿಗಳಿವೆ: ಕೊಕ್ಕಿನ ಮೇಲೆ ಹಳದಿ ಕಿರೀಟವಿರುವ ದೊಡ್ಡ ಮಂಗಟ್ಟೆ, ಕಪ್ಪುಬಿಳಿಯ ಮಲಬಾರ ಮಂಗಟ್ಟೆ, ಮಲೆಯ ಬೂದು ಮಂಗಟ್ಟೆ, ಬಯಲಿನ ಕುರುಚಲು ಕಾಡಿನಲ್ಲಿಯೂ ಬದುಕಬಲ್ಲ ಬೂದು ಮಂಗಟ್ಟೆ. ನಾಲ್ಕೂ ಗೂಡುಮಾಡುವುದು ಮರದ ಪೊಟರೆಯಲ್ಲಿ. ಮರಕುಟಿಗ, ಕುಟ್ರುಹಕ್ಕಿಗಳಂತೆ ಪೊಟರೆಯನ್ನು ತಾನೇ ಕೊರೆದುಕೊಳ್ಳುವ ಶಕ್ತಿ ಮಂಗಟ್ಟೆಗೆ ಇಲ್ಲ. ಕೊಂಬೆ ಮುರಿದು, ಅಲ್ಲಿ ಬೂಷ್ಟು ಹಿಡಿದು, ಒಳತಿರುಳು ಕೊಳೆತು ತಾನಾಗಿ ಉಂಟಾದ ಬಿಲವೇ ಬೇಕು. ದೊಡ್ಡ ಮಂಗಟ್ಟೆಯಂಥ ಹಕ್ಕಿ ಹಿಡಿಸಬೇಕಾದರೆ ಮರದ ಸುತ್ತಳತೆಯೂ ಅದಕ್ಕೆ ತಕ್ಕಂತಿರಬೇಕು. ಬೇಸಗೆಯಲ್ಲಿ ಹೆಣ್ಣು ಒಳಹೊಕ್ಕು ಹಿಕ್ಕೆ ಮೊದಲಾದ ಅಂಟುವಸ್ತುಗಳಿಂದ ಬಾಯಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ಗರಿ ಉದುರಿ ಹೊಸದು ಬರುತ್ತದೆ. ವಾರಗಟ್ಟಲೆ ತಾಯಿಗೂ ಮರಿಗೂ ಅನ್ನವನ್ನು ತರತಕ್ಕವನು ಗಂಡು ಒಬ್ಬನೇ. ತರುವುದು ಹೆಚ್ಚಾಗಿ ಹಣ್ಣು, ಅದರಲ್ಲಿಯೂ ಆಲ, ಬಸರಿ, ಅತ್ತಿಗಳ ಜಾತಿಯ ಹಣ್ಣು. ವರ್ಷದ ಬೇರೆ ಬೇರೆ ಕಾಲಗಳಲ್ಲಿ ಫಲಿಸುವ ಈ ಜಾತಿಗಳು ಬೇರೆ ಹಣ್ಣಿಲ್ಲದ ದಿನಗಳಲ್ಲಿ ಕಾಡಿನ ಅನ್ನಛತ್ರವಿದ್ದಂತೆ.

ಹೀಗಿರಲು ಸುಧಾರಣಾ ಕಡಿತವು ಮಂಗಟ್ಟೆಗೆ ಎಂಥದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದು ಮನೆಯನ್ನೂ ಅಂಗಡಿಯನ್ನೂ ಒಟ್ಟಿಗೆ ಕಿತ್ತಂತಾಯಿತು. ಪೊಳ್ಳುಮರವನ್ನು ರೋಗವೆಂದೂ ಬಸರಿಯನ್ನು ಕಸವೆಂದೂ ತೆಗೆದ ಮೇಲೆ, ಸಾಗವಾನಿಯ ಕಂಬಗಳು ಎಷ್ಟು ನೆಟ್ಟಗೆ ನಿಂತರೇನು? ಕಡಿತದ ಕಾಲವೂ ಒಣದಿನಗಳೇ. ಹೆಣ್ಣು ಪೊಟರೆಯಲ್ಲಿ ಬಂಧಿಯಾಗಿರುವ ದಿನಗಳೂ ಅವೇ. ಮರ ಉರುಳಿದರೆ ಒಳಗಿನ ಹೆಣ್ಣು ಹಾರಿಹೋಗುವಂತಿಲ್ಲ. ಬೋಳುಕಡಿತ ಮಾಡಿ ಸಾಗವಾನಿಯೊಂದನ್ನೇ ನೆಟ್ಟ ತೋಪುಗಳ ಸ್ಥಿತಿ ಇನ್ನೂ ಕಠಿನ. ಐದನೆಯ, ಹತ್ತನೆಯ ವರ್ಷಗಳ ಸುಮಾರಿನಲ್ಲಿ ವಿರಳೀಕರಣ ನಡೆದು ಓರೆಕೋರೆಯ ಮರಗಳೆಲ್ಲ ಹೊರಬೀಳುತ್ತವೆ. ಉಳಿದವು ಪೊಟರೆಯಾಗುವಷ್ಟು ಮುಪ್ಪನ್ನು ಕಾಣುವ ಮೊದಲೇ ಕೊಯ್ಲಿಗೆ ಬರುತ್ತವೆ. ಇದು ಕನ್ನಡನಾಡಿನ ಮಾತು ಮಾತ್ರವಲ್ಲ. ಸ್ವೀಡನ್ ದೇಶದಲ್ಲಿ ಒಣಮರ, ಎಲೆಯುದುರುವ ಮರಗಳನ್ನು ತೆಗೆದುಹಾಕಿದ ವನಕೃಷಿಯಿಂದ ಬಿಳಿಬೆನ್ನಿನ ಮರಕುಟಿಗವು ಕ್ಷಯಿಸಿ ವಿರಳವಾಯಿತು; ಈಗ ಅಲ್ಲಿ ಒಣಮರವನ್ನು ನಿಲ್ಲಗೊಡುವುದು ವನಪಾಲನೆಯ ಭಾಗವಾಗಿದೆ.

ಈ ನಷ್ಟವನ್ನು ಅಂಕೆಗಳಿಂದ ಸ್ಥಾಪಿಸಲು ಹಳೆಯ ಆಧಾರಗಳು ಸಾಲವು. ಬೆಳಗಾವಿಯ ಸೀಮೆಯ ಹಕ್ಕಿಗಳನ್ನು ಸೇರಿಸಿಕೊಂಡು ಇ. ಎ. ಬಟ್ಲರ್ ಎಂಬ ಸೈನ್ಯಾಧಿಕಾರಿಯು ದಖನ್ ಮತ್ತು ದಕ್ಷಿಣ ಮಹಾರಾಷ್ಟ್ರ ಪ್ರಾಂತಗಳ ಪಟ್ಟಿಯನ್ನು 1881ರಲ್ಲಿ ಪ್ರಕಟಿಸಿದನು. ಉತ್ತರ ಕನ್ನಡದ ಕಲೆಕ್ಟರನಾಗಿದ್ದ ಜೆ. ಡೇವಿಡ್‌ಸನ್ ಆ ಜಿಲ್ಲೆಯ ಹಕ್ಕಿಗಳನ್ನು ಕುರಿತು 1898ರಲ್ಲಿ ಮುಂಬಯಿ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದನು. ಅವನ ಮಿತ್ರ ಟಿ. ಆರ್. ಬೆಲ್ ಕಾರವಾರದ ಅರಣ್ಯಾಧಿಕಾರಿ, ಚಿಟ್ಟೆಗಳ ಪಂಡಿತ. ಒಂದು ಕೈಯಲ್ಲಿ ಕಡಿತದ ಲೆಕ್ಕ, ಇನ್ನೊಂದರಲ್ಲಿ ಚಿಟ್ಟೆಯ ಬಲೆ. ಸಲೀಂ ಅಲಿಯವರ ಮೈಸೂರು ಪಕ್ಷಿಸಮೀಕ್ಷೆಯು 1939–40ರಲ್ಲಿ ನಡೆದು 1942–43ರಲ್ಲಿ ಬೆಳಕುಕಂಡಿತು. ಇವೆಲ್ಲ ಯಾವ ಜಾತಿ ಎಲ್ಲಿತ್ತೆಂದು ಹೇಳತಕ್ಕ ಬೆಲೆಯುಳ್ಳ ಬರಹಗಳು, ಎಷ್ಟಿತ್ತೆಂದು ಎಣಿಸಿದವಲ್ಲ. ಅರಣ್ಯ ಇಲಾಖೆಯಾದರೋ ಎಣಿಸಿತು, ಆದರೆ ದಿಮ್ಮಿಗಳನ್ನು. ಕಳೆದುಹೋದ ಪೊಟರೆಗಳ ಲೆಕ್ಕವು ಎರಡು ಕಡತಗಳ ನಡುವೆ ಬಿದ್ದುಹೋಗಿದೆ.

ಕಡಿತದಿಂದ ಎಲ್ಲ ಹಕ್ಕಿಗಳಿಗೂ ಹಾನಿಯೆಂದು ಹೇಳಿದರೆ ಅದು ಅತಿವ್ಯಾಪ್ತಿಯಾದೀತು. ಬೆಳಕು ಬಿದ್ದ ಕಾಡಿಗೆ ಪಿಕಳಾರ, ಕಾಜಾಣ, ನೀಲಕಂಠಗಳು ಬರುತ್ತವೆ. ಹಕ್ಕಿಗಳ ಒಟ್ಟು ಸಂಖ್ಯೆ ಇಳಿಯದೆಯೂ ಇರಬಹುದು. ಇಳಿಯುವುದು ದಟ್ಟ ನೆರಳಿನ ಕಾಕರಣೆಹಕ್ಕಿಯಂಥವು, ಪೊಟರೆಯನ್ನೇ ನೆಚ್ಚಿದ ಮಂಗಟ್ಟೆಯಂಥವು. ರಂಜಿತ್ ಡೇನಿಯಲ್ಸ್, ಎನ್. ವಿ. ಜೋಶಿ, ಮಾಧವ ಗಾಡಗೀಳ ಇವರು ಉತ್ತರ ಕನ್ನಡದಲ್ಲಿಯೇ ನಡೆಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪೋಷಕವಾಗಿದೆ: ಮರಗಳ ಕೂಟ ಬದಲಾದಂತೆ ಹಕ್ಕಿಗಳ ಕೂಟವೂ ಬದಲಾಗುತ್ತದೆ. ಆದುದರಿಂದ ಕೇಳತಕ್ಕ ಪ್ರಶ್ನೆ ಹಕ್ಕಿಗಳು ಎಷ್ಟು ಎಂಬುದಕ್ಕಿಂತಲೂ ಯಾವುವು ಎಂಬುದು.

ಬಿದಿರಿನ ಕಥೆಯೂ ಇದೇ ಜಾತಿಯದು. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಗಿರಣಿಯು ಸ್ಥಾಪಿತವಾದ ಮೇಲೆ ಬಿದಿರಿನ ಕೊಯ್ಲು ದೊಡ್ಡದಾಯಿತು. ಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುವುದೆಂಬುದು ವನಶಾಸ್ತ್ರದ ಎಣಿಕೆ. ಗಾಡಗೀಳ ಮತ್ತು ಎಸ್. ನರೇಂದ್ರ ಪ್ರಸಾದ ಇವರು ಪರಿಶೀಲಿಸಿದಾಗ ಕಂಡದ್ದು ವಿಪರೀತ: ಮುಳ್ಳಿನ ಕಾವಲು ತಪ್ಪಿದ ಕಳಲೆಯು ದನಕರುಗಳಿಗೆ, ಕಾಡುಮೃಗಗಳಿಗೆ ಆಹಾರವಾಗುತ್ತಿತ್ತು. ಹಳ್ಳಿಯವರಿಗೆ ಇದು ಮೊದಲೇ ತಿಳಿದಿತ್ತು. ಮುಳ್ಳುಮೆಳೆಯು ಹರಟೆಮಲ್ಲಗಳಿಗೆ ಮರೆಯೂ, ಹೂಬಿಟ್ಟ ವರ್ಷ ಕಾಡುಕೋಳಿಗೆ ಅಕ್ಕಿಯ ಕಣಜವೂ ಆಗಿದ್ದುದು ಯಾವ ಗುತ್ತಿಗೆಯ ಪತ್ರದಲ್ಲಿಯೂ ಸೇರತಕ್ಕ ವಿಷಯವಾಗಿರಲಿಲ್ಲ.

1980ರ ಅರಣ್ಯ ಸಂರಕ್ಷಣಾ ಕಾಯಿದೆ, 1988ರ ರಾಷ್ಟ್ರೀಯ ಅರಣ್ಯನೀತಿ ಇವುಗಳಿಂದ ದೃಷ್ಟಿಯು ತಿರುಗಿತು. ಕಾಡಿನ ಹುಟ್ಟುವಳಿಗಿಂತ ಪರಿಸರದ ಸಮತೋಲವು ಮೊದಲೆಂದು ನೀತಿಯೇ ಸಾರಿತು. 2011ರಲ್ಲಿ ದಾಂಡೇಲಿಯಲ್ಲಿ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವು ಘೋಷಿತವಾಯಿತು. ಆದರೆ ಪೊಟರೆಯು ಘೋಷಣೆಯಿಂದ ಹುಟ್ಟತಕ್ಕದ್ದಲ್ಲ. ಇಂದು ನೆಟ್ಟ ಸಸಿಯಲ್ಲಿ ದೊಡ್ಡ ಮಂಗಟ್ಟೆ ಹೊಗಬೇಕಾದರೆ ಹಲವು ತಲೆಮಾರುಗಳು ಬೇಕು. ಆದುದರಿಂದ ಇರುವ ಮುದಿಮರಗಳನ್ನು ಒಂದೊಂದಾಗಿ ಗುರುತಿಸಿ ಉಳಿಸಿಕೊಳ್ಳುವುದೇ ಸದ್ಯದ ಕೆಲಸ. ದಾಂಡೇಲಿಯಲ್ಲಿ ಸರಕಾರದ ಮರಮಟ್ಟುಗಳ ಡಿಪೋ ಇದೆ. ಅಳತೆ ಹಾಕಿ ಒಟ್ಟಿದ ದಿಮ್ಮಿಗಳ ಅಟ್ಟಿಗಳ ನಡುವೆ ಕಪ್ಪುಬಿಳಿಯ ಮಂಗಟ್ಟೆಗಳು ಗುಂಪುಗೂಡಿ ಇಳಿಯುತ್ತವೆ. ಅವುಗಳನ್ನು ನೋಡಬಯಸುವವರು ಕಾಡಿಗೆ ಹೋಗುವ ಮೊದಲು ಅಲ್ಲಿಗೇ ಹೋಗುವುದು ವಾಡಿಕೆಯಾಗಿದೆ.