ಟ್ರೇಲರ್ ಕೊಂಡಿ ಮತ್ತು ಓಲಾಟ: ರೈತ ಸದಸ್ಯರಿಗೆ ಮಾಹಿತಿ



ರಾಯಕೋಟೆಯ ಟೊಮೆಟೊ ಮಂಡಿಗೆ ಸರಕು ತರುವ ನಮ್ಮ ಟ್ರ್ಯಾಕ್ಟರುಗಳು ಹೊಸೂರು–ಧರ್ಮಪುರಿ ಹೆದ್ದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆಯೇ ಸಾಗಬೇಕು. ಹಿಂದಿನ ಟ್ರೇಲರ್ ಅತ್ತಿತ್ತ ಓಲಾಡತೊಡಗಿದರೆ ಹಾಳಾಗುವುದು ಟೊಮೆಟೊ ಮಾತ್ರವಲ್ಲ, ಎದುರು ಬರುವ ಬೈಕ್ ಸವಾರನ ಪ್ರಾಣಕ್ಕೂ ಅಪಾಯ. ಹೊಸ ಕೊಂಡಿ ಹಾಕಿಸುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಕೊಂಡಿಯ ಆಯ್ಕೆ

ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಕೊಂಡಿಯ ಮೇಲೆ ಬೀಳುವುದು ಹೆಚ್ಚಾಗಿ ಎಳೆತ ಮಾತ್ರ. ಎರಡು ಚಕ್ರದ್ದು ಭಾರದ ಒಂದು ಪಾಲನ್ನು ಟ್ರ್ಯಾಕ್ಟರಿನ ಮೇಲೆ ಊರುತ್ತದೆ. ಆದ್ದರಿಂದ ಎಳೆಯಬಹುದಾದ ತೂಕದ ಜೊತೆಗೆ ಕೊಂಡಿ ಹೊರಬಹುದಾದ ತೂಕವನ್ನೂ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕೊಂಡಿ ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಟಾಪ್ ಲಿಂಕ್ ಜಾಗಕ್ಕೆ ಟ್ರೇಲರ್ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಪಿನ್ನಿಗೆ ಲಾಕ್ ಕ್ಲಿಪ್ ಇರಲಿ. ಕೈಗೆ ಸಿಕ್ಕ ಬೋಲ್ಟು, ಸರಳುಗಳನ್ನು ಪಿನ್ನಾಗಿ ಬಳಸಬೇಡಿ. ತೂತು ಸವೆದು ಅಗಲವಾಗಿದ್ದರೆ ಕೊಂಡಿ ಬದಲಿಸಿ. ಆ ಸಡಿಲ ಓಲಾಟವನ್ನು ಹೆಚ್ಚಿಸುತ್ತದೆ. ಪಿನ್ನು ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಗಟ್ಟಿಯಾದ ಸರಪಳಿಯೊಂದನ್ನು ಹಾಕಿ.

ಹೇರು ಹಾಕುವ ಕ್ರಮ

ಎತ್ತಿನ ಗಾಡಿಗೆ ಹೇರು ಹಾಕಿದ ಹಿರಿಯರಿಗೆ ಇದು ಹೊಸತಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಎರಡು ಚಕ್ರದ ಟ್ರೇಲರಿಗೂ ಇದೇ ಲೆಕ್ಕ. ಭಾರ ಆಕ್ಸಲ್‌ಗಿಂತ ತುಸು ಮುಂದಿರಬೇಕು.

ಕ್ರೇಟಿಗೆ 25 ಕೆ.ಜಿ. ಎಂದರೆ 80 ಕ್ರೇಟಿಗೆ 2 ಟನ್. ಟ್ರೇಲರ್ ತುಂಬಿದ್ದಾಗ ಈ ಭಾರ ತಾನಾಗಿ ಹಂಚಿಕೆಯಾಗುತ್ತದೆ. ತೊಂದರೆ ಬರುವುದು ಅರ್ಧ ಹೇರಿನ ದಿನ. ಇಳಿಸಲು ಸುಲಭವೆಂದು 40 ಕ್ರೇಟನ್ನೂ ಹಿಂಬಾಗಿಲ ಬಳಿ ಜೋಡಿಸಿದರೆ ಕೊಂಡಿ ಹಗುರಾಗಿ ಟ್ರೇಲರ್ ಓಲಾಡುತ್ತದೆ. ಮುಂದಿನಿಂದಲೇ ಜೋಡಿಸಿ, ಆಕ್ಸಲ್‌ ತನಕ ತನ್ನಿ. ಸರಿಯದಂತೆ ಹಗ್ಗ ಬಿಗಿಯಿರಿ.

ಓಲಾಟ ತಡೆಯುವ ಸಾಧನಗಳು

ಅಮೆರಿಕದಲ್ಲಿ ಕಾರಿನ ಹಿಂದೆ ಕ್ಯಾರವಾನ್ ಎಳೆಯುವವರು ಘರ್ಷಣೆಯಿಂದ ಓಲಾಟ ತಗ್ಗಿಸುವ ಸರಳನ್ನೂ, ಕೊಂಡಿಯ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಸ್ಪ್ರಿಂಗ್ ಸರಳುಗಳನ್ನೂ ಹಾಕಿಸುತ್ತಾರೆ. ಅಲ್ಲಿಯೂ ಮೊದಲ ಸಲಹೆ ಒಂದೇ: ಕ್ಯಾರವಾನ್ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಲಿ. ತಪ್ಪಾಗಿ ಹಾಕಿದ ಹೇರನ್ನು ಯಾವ ಸಾಧನವೂ ಸರಿಮಾಡದು.

ರಸ್ತೆಯಲ್ಲಿ

* ಹೊಲದಿಂದ ರಸ್ತೆಗೆ ಬರುವ ಮೊದಲು ಎರಡೂ ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ ಲಾಕ್ ಮಾಡಿ.
* ಇಳಿಜಾರಿಗೆ ಮುಂಚೆಯೇ ಚಿಕ್ಕ ಗೇರಿಗೆ ಬನ್ನಿ; ನ್ಯೂಟ್ರಲ್ ಬೇಡ.
* ಓಲಾಟ ಶುರುವಾದರೆ ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಬ್ರೇಕನ್ನು ತಟ್ಟನೆ ಒತ್ತಬೇಡಿ.
* ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ.

ಕೊನೆಯದಾಗಿ ಒಂದು ವಿನಂತಿ. ಜಾತ್ರೆಯಿರಲಿ, ಮದುವೆಯಿರಲಿ, ಸರಕಿನ ಟ್ರೇಲರಿನಲ್ಲಿ ಜನರನ್ನು ಕರೆದೊಯ್ಯಬೇಡಿ. ಕೊಂಡಿಯ ಮೇಲೆ ಮಕ್ಕಳನ್ನಂತೂ ಕೂರಿಸಲೇಬೇಡಿ. ಈ ಮಾಹಿತಿಯನ್ನು ನಿಮ್ಮ ಟ್ರ್ಯಾಕ್ಟರ್ ಓಡಿಸುವವರಿಗೂ ಓದಿ ಹೇಳಿ.